ಅಂಗಡಿ ಕೀಶ್, ಒಂದು ಹೆಣ, ಮತ್ತು ಆಗಥಾ ರೇಸಿನ್

(ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಹೆಣ್ಣು ಡಿಟೆಕ್ಟಿವ್‌ಗಳ ಬಗ್ಗೆ, ಮುಖ್ಯವಾಗಿ ಆಗಥಾ ರೇಸಿನ್ ಬಗ್ಗೆ, ನಮ್ಮ ಓದುಗರ ಬಳಗದಲ್ಲಿ ಇತ್ತೀಚೆಗೆ ಆಡಿದ ಮಾತು ಇದು. ಬರಕ್ಕಾಗದೆ ಇದ್ದವ್ರು ಬರೆದು ಹಾಕಿ ಅಂತ ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಇಟ್ಟಿದೀನಿ. ಕೊಲೆಗಾರ ಯಾರು ಅಂತ ಯಾವ ಪುಸ್ತಕದ್ದೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.)

ನಮಸ್ಕಾರ ಎಲ್ರಿಗೂ. ಪೀಠಿಕೆ ಎಲ್ಲ ಬೇಡ, ನೇರ ಕಥೆಗೇ ಬರ್ತೀನಿ.

ಒಬ್ಬ ಹೆಂಗಸು. ವಯಸ್ಸು 53. ಲಂಡನ್ನಿನ ಮೇಫೇರ್‌ನಲ್ಲಿ ಸ್ವಂತ ಪಿಆರ್ ಕಂಪನಿ, ಅಂದ್ರೆ ಬೇರೆಯವರಿಗೆ ಪ್ರಚಾರ ಮಾಡಿಕೊಡೋ ಕಂಪನಿ, ನಡೆಸ್ತಿದ್ದವಳು. ಅದನ್ನ ಒಳ್ಳೆ ರೇಟಿಗೆ ಮಾರಿ, ಕಾಟ್ಸ್‌ವೋಲ್ಡ್ಸ್ ಕಡೆ ಕಾರ್ಸ್ಲಿ ಅನ್ನೋ ಹಳ್ಳಿಲಿ ಹುಲ್ಲಿನ ಮಾಡಿನ ಒಂದು ಚಂದದ ಮನೆ ತಗೋತಾಳೆ. ಕಾಟ್ಸ್‌ವೋಲ್ಡ್ಸ್ ನಿಜವಾದ ಜಾಗ, ಜೇನಿನ ಬಣ್ಣದ ಕಲ್ಲಿನ ಮನೆಗಳಿರೋ ಇಂಗ್ಲೆಂಡಿನ ಗುಡ್ಡಗಾಡು. ಕಾರ್ಸ್ಲಿ ಮಾತ್ರ ಕಲ್ಪನೆ. ಇವಳು ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಕೊಳೆಗೇರಿಲಿ, ಅಪ್ಪ ಅಮ್ಮ ಇಬ್ರೂ ಕುಡುಕರು. ಚಿಕ್ಕವಳಿದ್ದಾಗ ಒಂದೇ ಒಂದು ಸಲ ಕಾಟ್ಸ್‌ವೋಲ್ಡ್ಸ್‌ಗೆ ರಜಕ್ಕೆ ಬಂದಿರ್ತಾಳೆ, ಅವತ್ತಿಂದ ತಲೆಲಿ ಒಂದೇ, ಇಲ್ಲಿ ಮನೆ ಮಾಡ್ಬೇಕು. ಮಾಡಿದ್ಲು. ಮಾಡಿದ ಮೇಲೆ ಏನು? ಹಳ್ಳಿಯವ್ರು ಸಿಕ್ಕಿದಾಗ ನಗ್ತಾರೆ, ಹವಾಮಾನದ ಬಗ್ಗೆ ಎರಡು ಮಾತಾಡ್ತಾರೆ, ಹೊರಟು ಹೋಗ್ತಾರೆ. ಒಬ್ರೂ ಒಳಗೆ ಬಿಟ್ಕೊಳಲ್ಲ. ಇವಳೂ ಏನು ಸಾಮಾನ್ಯದವಳಲ್ಲ, ಬಂದ ಹೊಸದ್ರಲ್ಲೇ ಪಕ್ಕದ ಮನೆಯವಳ ಕೆಲಸದವಳಿಗೆ ಜಾಸ್ತಿ ಸಂಬಳ ಆಸೆ ತೋರಿಸಿ ಎಳ್ಕೊಂಡು ಬಿಟ್ಟಿರ್ತಾಳೆ. ಹಳ್ಳಿಲಿ ಇದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ ಅಂತ ಅವಳಿಗೆ ಗೊತ್ತಾಗೋ ಹೊತ್ತಿಗೆ ಲೇಟಾಗಿರುತ್ತೆ.

ಆಮೇಲೆ ಊರಲ್ಲಿ ಕೀಶ್ ಸ್ಪರ್ಧೆ ಅಂತ ಬೋರ್ಡ್ ಕಾಣುತ್ತೆ. ಕೀಶ್ ಅಂದ್ರೆ ಮೊಟ್ಟೆ, ಕ್ರೀಮು, ಚೀಸು ಹಾಕಿ ಹಿಟ್ಟಿನ ಬಟ್ಟಲೊಳಗೆ ಬೇಕ್ ಮಾಡೋ ಪೈ. ಗೆದ್ರೆ ಊರು ತನ್ನನ್ನ ಒಪ್ಕೊಳುತ್ತೆ ಅಂತ ಇವಳ ಲೆಕ್ಕ. ಆದ್ರೆ ಇವಳಿಗೆ ಅಡುಗೆ ಬರಲ್ಲ, ಫ್ರೋಜನ್ ಕರಿ ಮೈಕ್ರೋವೇವಲ್ಲಿಟ್ಟು ತಿನ್ನೋದೊಂದೇ ಗೊತ್ತು. ಏನ್ ಮಾಡ್ತಾಳೆ? ಕಾರ್ ತೆಗೆದು ಲಂಡನ್ನಿಗೆ ಹೋಗಿ, ಒಳ್ಳೆ ಅಂಗಡಿಯಿಂದ ಪಾಲಕ್ ಕೀಶ್ ಒಂದು ತಂದು, ಸುತ್ತಿದ್ದು ಬಿಚ್ಚಿ, ತಾನೇ ಮಾಡಿದ್ದು ಅಂತ ಇಡ್ತಾಳೆ. ಅದಕ್ಕೂ ಮುಂಚೆ ತೀರ್ಪುಗಾರನನ್ನೂ ಅವನ ಹೆಂಡ್ತಿನೂ ದುಬಾರಿ ಊಟಕ್ಕೆ ಕರ್ಕೊಂಡು ಹೋಗಿರ್ತಾಳೆ, ಅವರಿಬ್ರು ಹೊಟ್ಟೆ ತುಂಬ ತಿಂದು, ಕುಡಿದು, ಬಿಲ್ಲು ಇವಳ ಕೈಗಿಟ್ಟು ಹೋಗಿರ್ತಾರೆ. ಪ್ರೈಜ್ ಬೇರೆಯವಳಿಗೆ. ಉಳಿದ ಕೀಶ್ ತೀರ್ಪುಗಾರನ ಮನೆಗೆ ಹೋಗುತ್ತೆ, ರಾತ್ರಿ ಅವನು ತಿಂತಾನೆ, ಬೆಳಿಗ್ಗೆ ಹೆಣ. ಒಳಗೆ ಕೌಬೇನ್ ಅನ್ನೋ ವಿಷದ ಸೊಪ್ಪು.

ಈಗ ಇವಳ ಪರಿಸ್ಥಿತಿ ನೋಡಿ. ನಾನು ವಿಷ ಹಾಕಿಲ್ಲ ಅನ್ಬೇಕು ಅಂದ್ರೆ ಈ ಕೀಶ್ ನಾನು ಮಾಡೇ ಇಲ್ಲ ಅನ್ಬೇಕು. ಕೊಲೆಗಾತಿ ಅಲ್ಲ ಅಂತ ಸಾಬೀತು ಮಾಡಕ್ಕೆ ಮೋಸಗಾತಿ ಅಂತ ಊರ ಮುಂದೆ ಒಪ್ಕೋಬೇಕು. ಪೊಲೀಸರು ಅಂಗಡಿವರೆಗೂ ಹೋಗ್ತಾರೆ, ಕೊನೆಗೆ ಪಾಲಕ್ ಜೊತೆ ಆ ಸೊಪ್ಪು ಹೇಗೋ ಬೆರೆತಿರ್ಬೇಕು, ಇದು ಆಕಸ್ಮಿಕ ಅಂತ ಫೈಲ್ ಮುಚ್ತಾರೆ. ಇವಳಿಗೆ ಮಾತ್ರ ಸಮಾಧಾನ ಆಗಲ್ಲ. ಯಾಕಂದ್ರೆ ಆಕಸ್ಮಿಕ ಅಂತಾದ್ರೆ ಊರಿನ ಕಣ್ಣಲ್ಲಿ ಇವಳ ಮೋಸದಿಂದಲೇ ಒಬ್ಬ ಸತ್ತ ಹಾಗಾಯ್ತಲ್ಲ. ಕೊಲೆ ಅಂತ ಪತ್ತೆ ಮಾಡಿದ್ರೇನೇ ಮರ್ಯಾದೆ ವಾಪಸ್ಸು. ಆ ಮರ್ಯಾದೆಗೋಸ್ಕರ ಶುರುವಾದ ಪತ್ತೇದಾರಿಕೆ ಇದು.

ಆಗಥಾ ರೇಸಿನ್ ಹುಟ್ಟಿದ್ದು ಹೀಗೆ, 1992ರಲ್ಲಿ, 'ದಿ ಕೀಶ್ ಆಫ್ ಡೆತ್' ಅನ್ನೋ ಕಾದಂಬರಿಲಿ. ಬರೆದವರು ಎಂ.ಸಿ. ಬೀಟನ್, ನಿಜ ಹೆಸರು ಮರಿಯನ್ ಚೆಸ್ನಿ. 1936ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದವರು, 2019ರ ಡಿಸೆಂಬರ್ ಕೊನೆಲಿ ತೀರ್ಕೊಂಡ್ರು. ಪುಸ್ತಕದ ಅಂಗಡಿಲಿ ಕೆಲಸ ಮಾಡಿ, ಅಲ್ಲಿಂದ ಪೇಪರಿಗೆ ಬಂದು, ನಾಟಕ ವಿಮರ್ಶೆ, ಫ್ಯಾಷನ್ ಪುಟ, ಆಮೇಲೆ ಗ್ಲಾಸ್ಗೋದ ಕ್ರೈಮ್ ರಿಪೋರ್ಟಿಂಗ್, ಆಮೇಲೆ ಲಂಡನ್ನಿನ ಫ್ಲೀಟ್ ಸ್ಟ್ರೀಟಲ್ಲಿ ಡೈಲಿ ಎಕ್ಸ್‌ಪ್ರೆಸ್. ಅಂದ್ರೆ ಗ್ಲಾಸ್ಗೋ ಬೀದಿಗಳಲ್ಲಿ ರೇಜರ್ ಹಿಡ್ಕೊಂಡು ಹೊಡೆದಾಡೋ ಗ್ಯಾಂಗುಗಳ ಸುದ್ದಿ ಬರೆದ ಕೈ ಅದು. ಹಳ್ಳಿ, ಚಹಾ, ಹೂದೋಟದ ಕಥೆ ಬರೆದ್ರು ಅಂತ ಹಗುರವಾಗಿ ನೋಡೋರಿಗೆ ನಾನು ಇದನ್ನ ಮೊದಲು ಹೇಳ್ತೀನಿ. ಇಂಥ ಪುಸ್ತಕಗಳಿಗೆ 'ಕೋಜಿ', ಅಂದ್ರೆ ಬೆಚ್ಚಗೆ ಕೂತು ಹಗುರವಾಗಿ ಓದೋ ಪತ್ತೇದಾರಿ, ಅಂತ ಒಂದು ಲೇಬಲ್ ಇದೆ, ಆಕೆಗೆ ಆ ಲೇಬಲ್ ಕಂಡ್ರೆ ಆಗ್ತಿರ್ಲಿಲ್ಲ. ಓದಕ್ಕೆ ಸಲೀಸಾಗಿದೆ ಅಂದ ತಕ್ಷಣ ಬರಿಯೋದೂ ಸಲೀಸು ಅಂತ ಜನ ಅಂದ್ಕೊತಾರೆ ಅನ್ನೋದು ಆಕೆ ಸಿಟ್ಟು, ನ್ಯಾಯವಾದ ಸಿಟ್ಟು.

ಕೀಶ್ ಕಥೆಗೂ ಒಂದು ಹಿನ್ನೆಲೆ ಇದೆ, ಆಕೆಯೇ ಹೇಳಿದ್ದು. ಮಗನ ಸ್ಕೂಲಲ್ಲಿ ಚಾರಿಟಿಗೆ ಅಂತ ಮನೆಲಿ ಬೇಕ್ ಮಾಡಿದ್ದು ಏನಾದ್ರೂ ಕಳಿಸಿ ಅಂದ್ರಂತೆ. ಬರಲ್ಲ ಅಂದ್ರೆ ಮಗನಿಗೆ ಅವಮಾನ ಅಂತ ಸೂಪರ್‌ಮಾರ್ಕೆಟಿಂದ ಎರಡು ಕೀಶ್ ತಂದು, ಪ್ಯಾಕಿಂಗ್ ಕಿತ್ತು, ಮನೆಲಿ ಮಾಡಿದ ಹಾಗೆ ಕಾಣೋ ಲೇಬಲ್ ಅಂಟಿಸಿ ಕೊಟ್ರಂತೆ. ಎಲ್ರೂ ಚಪ್ಪರಿಸಿದ್ರಂತೆ. ಆಮೇಲೆ ಪಬ್ಲಿಷರ್ ಕಡೆಯಿಂದ ಕಾಟ್ಸ್‌ವೋಲ್ಡ್ಸ್ ಇಟ್ಕೊಂಡು ಒಂದು ಪತ್ತೇದಾರಿ ಬರೀರಿ ಅಂತ ಬಂದಾಗ ಅದೇ ಎರಡು ಕೀಶ್ ನೆನಪಿಗೆ ಬಂತು. ಬರೆದವರು ತನ್ನ ಸಣ್ಣ ಸುಳ್ಳನ್ನೇ ತೆಗೆದು ಆಗಥಾ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ಆ ಪಾತ್ರದ ಮೇಲೆ ಅವ್ರಿಗೆ ಅಷ್ಟು ಪ್ರೀತಿ, ಎಷ್ಟು ನಗಿಸಿದ್ರೂ ಅವಳನ್ನ ಕೈ ಬಿಡಲ್ಲ.

ಈ ಕಾದಂಬರಿಗಳ ಬಗ್ಗೆ ನನಗೆ ಹೇಳ್ಬೇಕಾಗಿರೋದು ಮುಖ್ಯವಾಗಿ ಒಂದೇ ಮಾತು. ಎಲ್ಲಿ ನಗು ಬರುತ್ತೋ ಅಲ್ಲೇ ಸುಳಿವೂ ಇರುತ್ತೆ. ಈ ಹೆಂಗಸನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ, ಲೆಕ್ಕಕ್ಕೆ ತಗೊಳದೆ ಇರೋದ್ರಿಂದ ಅವಳ ಮುಂದೆ ಬಾಯಿ ಬಿಡ್ತಾರೆ, ಬಾಯಿ ಬಿಟ್ಟವರು ಸಿಕ್ಕಿ ಬೀಳ್ತಾರೆ. ಇದು ಆಗಥಾಳಿಂದ ಶುರುವಾಗಿದ್ದಲ್ಲ. ನೂರೈವತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

1864ರಲ್ಲಿ ಲಂಡನ್ನಲ್ಲಿ ಲೇಡಿ ಡಿಟೆಕ್ಟಿವ್ ಬಗ್ಗೆ ಎರಡು ಪುಸ್ತಕ ಬಂದ್ವು. ಆಗ ಇಂಗ್ಲೆಂಡಲ್ಲಿ ಒಬ್ಬಳೂ ಹೆಣ್ಣು ಪೊಲೀಸ್ ಇಲ್ಲ. ಅರೆಸ್ಟ್ ಮಾಡೋ ಪೂರ್ತಿ ಅಧಿಕಾರ ಇರೋ ಮೊದಲ ಹೆಣ್ಣು ಕಾನ್‌ಸ್ಟೇಬಲ್ ಬಂದಿದ್ದು 1915ರಲ್ಲಿ, ಗ್ರ್ಯಾಂಥಮ್ ಅನ್ನೋ ಊರಲ್ಲಿ, ಈಡಿತ್ ಸ್ಮಿತ್ ಅಂತ. ಅಂದ್ರೆ ಕಥೆ ಮುಂದೆ, ಊರು ಐವತ್ತು ವರ್ಷ ಹಿಂದೆ. ಆ 1864ರ ಒಂದು ಪುಸ್ತಕದಲ್ಲಿ ಮಿಸೆಸ್ ಪಾಸ್ಕಲ್ ಅನ್ನೋ ವಿಧವೆ ಡಿಟೆಕ್ಟಿವ್, ಯಾರನ್ನೋ ಹಿಂಬಾಲಿಸ್ಕೊಂಡು ನೆಲದಲ್ಲಿರೋ ಒಂದು ಕಂಡಿ ಒಳಗೆ ಇಳೀಬೇಕು. ಹಾಕಿರೋದು ಕ್ರಿನೊಲಿನ್, ಉಕ್ಕಿನ ಬಳೆ ಸುತ್ತಿದ ಆ ಕಾಲದ ಅಗಲ ಪಂಜರದ ಲಂಗ, ಅದು ಕಂಡಿಲಿ ತೂರಲ್ಲ. ಅವಳು ಯೋಚನೇನೇ ಮಾಡಲ್ಲ, ಕಳಚಿ ಅಲ್ಲೇ ಬಿಟ್ಟು ಇಳೀತಾಳೆ. ನಗು ಬರುತ್ತೆ, ನಿಜ. ಆದ್ರೆ ಆ ಕಾಲದ ಓದುಗ ಹೆಂಗಸರಿಗೆ ಆ ದೃಶ್ಯ ಎಷ್ಟು ಖುಷಿ ಕೊಟ್ಟಿರ್ಬೇಕು ಯೋಚನೆ ಮಾಡಿ, ದಿನಾ ಬಾಗಿಲಲ್ಲಿ ಕುರ್ಚಿಲಿ ಗಾಡಿಲಿ ಸಿಕ್ಕಿ ಹಾಕ್ಕೊಳ್ಳೋ ಆ ಪಂಜರವನ್ನ ಒಬ್ಬಳು ಕೆಲಸಕ್ಕೋಸ್ಕರ ಕಿತ್ತು ಬಿಸಾಕಿದ್ಲು.

ನಿಜ ಜೀವನದಲ್ಲಿ ಪ್ರೈವೇಟ್ ಡಿಟೆಕ್ಟಿವ್ ಕೆಲಸಕ್ಕೆ ಹೆಂಗಸರು ಬಂದಿದ್ದಕ್ಕೆ ದೊಡ್ಡ ಕಾರಣ ಡೈವೋರ್ಸ್. 1857ರ ಕಾನೂನಿಂದ ಇಂಗ್ಲೆಂಡಲ್ಲಿ ಕೋರ್ಟಲ್ಲಿ ಡೈವೋರ್ಸ್ ಸಿಗೋ ಹಾಗಾಯ್ತು, ಆದ್ರೆ ಗಂಡನಿಗೆ ಹೆಂಡ್ತಿ ಬೇರೆ ಸಂಬಂಧ ಇಟ್ಕೊಂಡಿದಾಳೆ ಅಂತ ತೋರಿಸಿದ್ರೆ ಸಾಕು, ಹೆಂಡ್ತಿ ಮಾತ್ರ ಸಂಬಂಧದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟು ಹೋಗಿದ್ದನ್ನೋ, ಇನ್ನೊಂದು ಮದುವೆಯನ್ನೋ ಸಾಬೀತು ಮಾಡ್ಬೇಕಿತ್ತು. ಈ ತಾರತಮ್ಯ ಹೋಗಿದ್ದು 1923ರಲ್ಲಿ. ಆಗಲೂ ಸಾಕ್ಷಿ ಬೇಕೇ ಬೇಕು. ಸಾಕ್ಷಿ ಬೇಕು ಅಂದ್ರೆ ಹೋಟೆಲ್ ಕಾರಿಡಾರಲ್ಲಿ ಕಾಯೋರು ಬೇಕು, ಕೆಲಸದವಳ ಹತ್ರ ಮಾತಾಡೋರು ಬೇಕು, ಪಾರ್ಕ್ ಬೆಂಚಲ್ಲಿ ಅನುಮಾನ ಬರದ ಹಾಗೆ ಕೂರೋರು ಬೇಕು. ಅಲ್ಲಿ ಗಂಡಸು ನಿಂತ್ರೆ ಎಲ್ರೂ ನೋಡ್ತಾರೆ, ಹೆಂಗಸು ಕೂತ್ರೆ ಯಾರೂ ನೋಡಲ್ಲ. ಮಾಡ್ ವೆಸ್ಟ್ ಅನ್ನೋ ಹೆಂಗಸು 1905ರಲ್ಲಿ ಲಂಡನ್ನಲ್ಲಿ ಸ್ವಂತ ಏಜೆನ್ಸಿ ತೆರೆದ್ಲು. ಗಂಡಸಿನ ವೇಷ ಹಾಕ್ಕೊಂಡ ತನ್ನ ಫೋಟೋಗಳನ್ನ ಪೇಪರಿಗೆ ಕೊಡೋಳು, ತನ್ನ ಸಾಹಸಗಳನ್ನ ಬಣ್ಣ ಕಟ್ಟಿ ತಾನೇ ಬರೆಯೋಳು. ಪಬ್ಲಿಸಿಟಿ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿದ್ದವಳು. ಆಗಥಾ ರೇಸಿನ್ ಓದುವಾಗ ನನಗೆ ಇವಳ ನೆನಪು ಬರುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಪಾತ್ರಕ್ಕೆ ಬರ್ತೀನಿ, ಸ್ವಲ್ಪ ಹೊತ್ತು ಇಲ್ಲೇ ನಿಲ್ತೀನಿ. ಡೊರೊಥಿ ಸೇಯರ್ಸ್ ಅವರ ಮಿಸ್ ಕ್ಲಿಂಪ್ಸನ್. 1927ರ 'ಅನ್‌ನ್ಯಾಚುರಲ್ ಡೆತ್' ಕಾದಂಬರಿಲಿ ಮೊದಲು ಬರ್ತಾರೆ. ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಈಕೆಯನ್ನ ಕೆಲಸಕ್ಕಿಟ್ಕೊಂಡಿರ್ತಾನೆ. ಮದುವೆಯಾಗದ, ವಯಸ್ಸಾದ, ದೇವರು ದಿಂಡರು ಅಂತ ಭಕ್ತಿಯಿರೋ, ಒಂದು ಮಾತು ಶುರು ಮಾಡಿದ್ರೆ ಹತ್ತು ಮಾತಿಗೆ ಹೋಗೋ ಹೆಂಗಸು. ಆ ಕಾಲದ ಇಂಗ್ಲೆಂಡ್ ನೆನಪಿಸ್ಕೊಳಿ. ಮೊದಲ ಮಹಾಯುದ್ಧದಲ್ಲಿ ಗಂಡಸರು ಲಕ್ಷಗಟ್ಟಲೆ ಸತ್ತಿದ್ದಾರೆ, 1921ರ ಜನಗಣತಿಲಿ ಗಂಡಸರಿಗಿಂತ ಹೆಂಗಸರು ಹದಿನೇಳು ಲಕ್ಷಕ್ಕೂ ಮೇಲೆ ಜಾಸ್ತಿ. ಪೇಪರುಗಳು ಇವ್ರನ್ನ 'ಹೆಚ್ಚುವರಿ ಹೆಂಗಸರು' ಅಂತಲೇ ಬರೀತಿದ್ವು, ಗೋಡೌನಲ್ಲಿ ಉಳಿದ ಸ್ಟಾಕ್ ಬಗ್ಗೆ ಬರೆದ ಹಾಗೆ. ಕಾರ್ಟೂನಲ್ಲಿ, ನಾಟಕದಲ್ಲಿ ಇವರೇ ತಮಾಷೆ. ಸೇಯರ್ಸ್ ಆ ತಮಾಷೆಯನ್ನ ತಗೊಂಡು ಪೂರ್ತಿ ತಿರುಗಿಸಿಬಿಟ್ರು. ಪೀಟರ್ ಹೇಳೋದು ಏನಂದ್ರೆ, ಇಷ್ಟು ಬುದ್ಧಿ, ಇಷ್ಟು ಕುತೂಹಲ, ಇಷ್ಟು ಶಕ್ತಿ ಇರೋ ಸಾವಿರಾರು ಹೆಂಗಸರನ್ನ ಸಮಾಜ ಸುಮ್ನೆ ಮೂಲೆಲಿ ಕೂರಿಸಿದೆ, ಪೊಲೀಸನೊಬ್ಬ ಪ್ರಶ್ನೆ ಕೇಳಿದ್ರೆ ಜನ ಬಾಯಿ ಮುಚ್ಕೊತಾರೆ, ಹೆಣಿಗೆ ಹಿಡಿದ ಹಿರಿ ಹೆಂಗಸು ಅದೇ ಪ್ರಶ್ನೆ ಕೇಳಿದ್ರೆ ಇವ್ರ ಸ್ವಭಾವವೇ ಇದು ಅಂತ ಉತ್ತರ ಕೊಡ್ತಾರೆ.

1930ರ 'ಸ್ಟ್ರಾಂಗ್ ಪಾಯ್ಸನ್'ನಲ್ಲಿ ಇದು ಪೂರ್ತಿ ಅರಳುತ್ತೆ. ಹೊರಗೆ ಟೈಪಿಂಗ್ ಆಫೀಸು ಅಂತ ಬೋರ್ಡು, ಒಳಗೆ ಇಂಥ ಹೆಂಗಸರೇ ನಡೆಸೋ ತನಿಖಾ ಬ್ಯೂರೋ. ಮೋಸದ ಜಾಹೀರಾತು ಕೊಡೋರನ್ನ, ಒಂಟಿ ಹೆಂಗಸರ ದುಡ್ಡು ಹೊಡೆಯೋರನ್ನ ಹಿಡಿಯೋದು ಇವ್ರ ದಿನದ ಕೆಲಸ. ಕಥೆಲಿ ಒಬ್ಬ ನಿರಪರಾಧಿ ಹೆಂಗಸಿಗೆ ಗಲ್ಲು ಆಗೋದ್ರಲ್ಲಿದೆ, ಒಂದು ವಿಲ್ ಸಿಗ್ಬೇಕು, ಅದು ದೂರದ ಊರಲ್ಲಿ ಹಾಸಿಗೆ ಹಿಡಿದ ಮುದುಕಿ ಮನೆಲಿದೆ, ಆ ಮನೆ ನರ್ಸ್‌ಗೆ ಸತ್ತವರ ಆತ್ಮದ ಜೊತೆ ಮಾತಾಡೋ ಹುಚ್ಚು. ಮಿಸ್ ಕ್ಲಿಂಪ್ಸನ್ ಆ ಊರಿಗೆ ಹೋಗಿ, ಟೀ ಅಂಗಡಿಗಳಲ್ಲಿ ಕಾದು ಕೂತು ನರ್ಸ್ ಪರಿಚಯ ಮಾಡ್ಕೊಂಡು, ತಾನೂ ಆತ್ಮಗಳನ್ನ ಕರೀತೀನಿ ಅಂತ ನಂಬಿಸ್ತಾರೆ. ಹೇಗೆ? ತಗಡಿನ ಒಂದು ಚಿಕ್ಕ ಸೋಪ್ ಡಬ್ಬಿಯನ್ನ ಎಲಾಸ್ಟಿಕ್ ಪಟ್ಟಿಲಿ ಮಂಡಿ ಹತ್ರ ಕಟ್ಕೊಂಡಿರ್ತಾರೆ, ಮಂಡಿ ಒತ್ತಿದ್ರೆ ಟಕ್ ಟಕ್ ಅಂತ ಶಬ್ದ. ಕತ್ತಲ ಕೋಣೆ, ಮೇಜಿನ ಸುತ್ತ ಕೈ, ಟಕ್ ಅಂದ್ರೆ ಆತ್ಮ ಬಂತು. ಮೇಜು ಎತ್ತಕ್ಕೆ ತೋಳೊಳಗೆ ತಂತಿ ಬೇರೆ. ಅಷ್ಟರಲ್ಲಿ ಈಕೆಗೆ ಮನಸ್ಸೊಳಗೆ ನಿಜವಾದ ಸಂಕಟ, ನಾನು ದೇವರನ್ನ ನಂಬಿದವಳು, ಇಂಥ ಸುಳ್ಳು ಮಾಡ್ಬಹುದಾ ಅಂತ. ಆದ್ರೆ ಗಲ್ಲಿನ ಕೆಳಗೆ ಒಬ್ಬ ಹುಡುಗಿ ನಿಂತಿದಾಳೆ. ಮಾಡೇ ಮಾಡ್ತಾರೆ. ಆಕೆ ಪೀಟರ್‌ಗೆ ಬರೆಯೋ ಕಾಗದಗಳನ್ನ ಓದ್ಬೇಕು ನೀವು, ಸಾಲು ಸಾಲಿಗೂ ಅಂಡರ್‌ಲೈನು, ಮಾತು ಮಾತಿಗೂ ಆಶ್ಚರ್ಯ ಚಿಹ್ನೆ, ಹೊಟ್ಟೆ ಹಿಡ್ಕೊಂಡು ನಗ್ತೀವಿ, ಆ ಗಲಾಟೆ ಮಧ್ಯದಲ್ಲೇ ಯಾರು ಯಾವಾಗ ಎಲ್ಲಿ ಏನಂದ್ರು ಅನ್ನೋ ರಿಪೋರ್ಟ್ ಮಾತ್ರ ಒಂದಕ್ಷರ ತಪ್ಪಿಲ್ಲದೆ ಇರುತ್ತೆ. ನಾನು ಹೇಳಿದ್ನಲ್ಲ, ನಗು ಇರೋ ಜಾಗದಲ್ಲೇ ಸುಳಿವು ಅಂತ, ಅದು ಆ ಸೋಪ್ ಡಬ್ಬಿಲಿ ಇದೆ.

ಮಿಸ್ ಸಿಲ್ವರ್ ಅಂತ ಇನ್ನೊಬ್ರು ಇದ್ದಾರೆ, ಪೆಟ್ರೀಷಿಯಾ ವೆಂಟ್‌ವರ್ತ್ ಬರೆದಿದ್ದು, 1928ರಿಂದ 32 ಕಾದಂಬರಿ. ಗವರ್ನೆಸ್ ಆಗಿ ಮಕ್ಕಳಿಗೆ ಪಾಠ ಹೇಳಿ ರಿಟೈರ್ ಆದ ಮೇಲೆ ಫೀಸ್ ತಗೊಂಡು ಡಿಟೆಕ್ಟಿವ್ ಕೆಲಸ ಮಾಡ್ತಾರೆ, ಕೈಲಿ ಹೆಣಿಗೆ, ಬಾಯಲ್ಲಿ ಟೆನಿಸನ್ನನ ಪದ್ಯ, ಮಾತಿಗೆ ಮುಂಚೆ ಒಂದು ಸಣ್ಣ ಕೆಮ್ಮು. ಬರೆದಾಕೆ ಹುಟ್ಟಿದ್ದು ನಮ್ಮ ಮಸ್ಸೂರಿಲಿ. ಈ ಸರಣಿ ಮೆಲ್ಲಗೆ ಸಾಗುತ್ತೆ, ನಗು ಸ್ವಲ್ಪ ತೆಳು, ಅಷ್ಟು ಹೇಳಿ ಮುಂದೆ ಹೋಗ್ತೀನಿ.

ಆಗಥಾ ಕ್ರಿಸ್ಟಿದು ಅಂದ್ರೆ ಎಲ್ರೂ ಮಿಸ್ ಮಾರ್ಪಲ್ ಅಂತೀರಿ, ಆದ್ರೆ ಮಾರ್ಪಲ್ ಪ್ರೈವೇಟ್ ಡಿಟೆಕ್ಟಿವ್ ಅಲ್ಲ, ಬೋರ್ಡ್ ಇಲ್ಲ, ಫೀಸ್ ಇಲ್ಲ. ಬೋರ್ಡ್ ಹಾಕ್ಕೊಂಡವಳು ಟಪ್ಪೆನ್ಸ್. 1929ರ 'ಪಾರ್ಟ್‌ನರ್ಸ್ ಇನ್ ಕ್ರೈಮ್' ಕಥೆಗಳಲ್ಲಿ ಅವಳೂ ಅವಳ ಗಂಡ ಟಾಮಿಯೂ ಒಂದು ಡಿಟೆಕ್ಟಿವ್ ಏಜೆನ್ಸಿ ವಹಿಸ್ಕೊಂಡು, ಒಂದೊಂದು ಕೇಸಲ್ಲೂ ಆ ಕಾಲದ ಒಬ್ಬೊಬ್ಬ ಹೆಸರುವಾಸಿ ಪತ್ತೇದಾರನ ಸ್ಟೈಲನ್ನ ಅಣಕು ಮಾಡ್ತಾ ತನಿಖೆ ಮಾಡ್ತಾರೆ. ಶುರುವಿನಲ್ಲಿ ಕೇಸೇ ಇಲ್ಲ, ಆಗ ಬಂದ ಮೊದಲ ಒಳ್ಳೆ ಗಿರಾಕಿಗೆ 24 ಗಂಟೇಲಿ ಪರಿಹಾರ ಅಂತ ಟಪ್ಪೆನ್ಸ್ ಮಾತು ಕೊಟ್ಟೇ ಬಿಡ್ತಾಳೆ. ಅಷ್ಟು ಧೈರ್ಯ ಹೇಗೆ ಬಂತು ಅನ್ನೋದೇ ಆ ಕಥೆ ಮಜಾ, ಹೇಳಲ್ಲ. ಕಾಲೇಜ್ ಹುಡುಗ ಹುಡುಗೀರಿಗೆ ಕೊಡಕ್ಕೆ ಇದಕ್ಕಿಂತ ಒಳ್ಳೆ ಪುಸ್ತಕ ಇಲ್ಲ.

1972ರಲ್ಲಿ ಪಿ.ಡಿ. ಜೇಮ್ಸ್ 22 ವರ್ಷದ ಕಾರ್ಡೀಲಿಯಾ ಗ್ರೇ ಅನ್ನೋ ಹುಡುಗಿಯನ್ನ ತಂದ್ರು, ಪಾರ್ಟ್‌ನರ್ ಸತ್ತು ಹೋಗಿ ಮುಳುಗ್ತಿರೋ ಏಜೆನ್ಸಿ ಒಬ್ಬಳ ತಲೆ ಮೇಲೆ. ಗಂಭೀರ, ದುಃಖದ ಪುಸ್ತಕ, ನಗುವಿನ ಪಟ್ಟಿಗೆ ಬರಲ್ಲ. ಆದ್ರೂ ಹೆಸರು ತಗೊಂಡೆ, ಯಾಕಂದ್ರೆ ಇದು ಹೆಂಗಸಿಗೆ ಹೇಳಿ ಮಾಡಿಸಿದ ಕೆಲಸ ಅಲ್ಲ ಅನ್ನೋ ಮಾತು ಆ ಪುಸ್ತಕದ ಹೆಸರಲ್ಲೇ ಇದೆ, ಎಲ್ರೂ ಅವಳಿಗೆ ಅದನ್ನೇ ಹೇಳ್ತಾರೆ. ಅಲ್ಲಿಂದ ಇಪ್ಪತ್ತು ವರ್ಷಕ್ಕೆ ಆಗಥಾ ರೇಸಿನ್ ಬಂದಾಗ ಆ ಮಾತು ಹೇಳಕ್ಕೆ ಯಾರಿಗೂ ಧೈರ್ಯವೇ ಬರಲ್ಲ.

ಆಗಥಾ ಇವ್ರೆಲ್ರಿಗಿಂತ ಬೇರೆ ಹೇಗೆ ಅಂದ್ರೆ, ಇವಳು ಕಣ್ಣಿಗೆ ಬೀಳದೆ ಇರೋ ಹೆಂಗಸೇ ಅಲ್ಲ. ಜೋರು ಬಾಯಿ, ಸಿಗರೇಟು, ಜಿನ್ ಅಂಡ್ ಟಾನಿಕ್, ಹೈ ಹೀಲ್ಸು, ಸಣ್ಣ ಕರಡಿ ಕಣ್ಣು, ಲಿಪ್‌ಸ್ಟಿಕ್ ಇಲ್ಲದೆ ಬಾಗಿಲು ತೆಗೆಯಲ್ಲ. ಪಕ್ಕದ ಮನೆ ಜೇಮ್ಸ್ ಲೇಸಿ ಮೇಲೆ ಪ್ರೀತಿ, ಅವನು ಕಂಡ್ರೆ ಹದಿನಾರು ವರ್ಷದ ಹುಡುಗಿ ಥರ ಆಡ್ತಾಳೆ. ಅವನ ಜೊತೆ ಮದುವೆ ನಡೆಯೋ ಹೊತ್ತಿಗೆ, ಸತ್ತೇ ಹೋಗಿದಾನೆ ಅಂದ್ಕೊಂಡಿದ್ದ ಮೊದಲ ಗಂಡ ಜಿಮ್ಮಿ ರೇಸಿನ್ ನೇರ ಬಂದು ನಿಲ್ತಾನೆ. ತೋಟದ ಪ್ರದರ್ಶನ ಇದೆ ಅಂದ್ರೆ ಬೆಳೆದು ನಿಂತ ಗಿಡಗಳನ್ನೇ ತರಿಸಿ ನೆಡಿಸ್ತಾಳೆ, ಕೀಶಿಂದ ಪಾಠ ಕಲಿತಿಲ್ಲ. ಇಂಥವಳು ಪತ್ತೆ ಹೇಗೆ ಮಾಡ್ತಾಳೆ? ಸುಳ್ಳು ಕಟ್ಟೋದು ಗೊತ್ತಿದ್ದವಳಿಗೆ ಬೇರೆಯವರ ಸುಳ್ಳಿನ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಕಾಣುತ್ತೆ. ಮೂವತ್ತು ವರ್ಷ ಪಿಆರ್‌ನಲ್ಲಿ ಸಾಧಾರಣ ಸರಕನ್ನ ಚಿನ್ನ ಅಂತ ಮಾರಿದವಳು, ಊರಿನ ದೊಡ್ಡ ಮನುಷ್ಯ ತನ್ನನ್ನ ತಾನು ಹೇಗೆ ಮಾರ್ಕೊತಿದಾನೆ ಅಂತ ಒಂದು ನೋಟಕ್ಕೆ ಹಿಡೀತಾಳೆ. ಮತ್ತೆ ಹಿಂದಿನ ಲೇಡಿಗಳ ಥರ ಮೆಲ್ಲಗೆ ಕೇಳಲ್ಲ, ಮುಖಕ್ಕೇ ಕೇಳ್ತಾಳೆ, ಎದುರಿನವರು ಸಿಟ್ಟಲ್ಲಿ ಏನೋ ಒಂದು ಉಗುಳಿಬಿಡ್ತಾರೆ.

ಇವಳ ಸುತ್ತ ಇರೋರನ್ನೂ ನೋಡಿ. ಬಿಲ್ ವಾಂಗ್ ಅನ್ನೋ ಚೀನೀ ತಂದೆಯ ಎಳೆ ಪೊಲೀಸ್ ಹುಡುಗ, ಕೀಶ್ ಕೇಸಿಗೆ ಬಂದವನು, ಅವಳ ಜೀವನದ ಮೊದಲ ನಿಜವಾದ ಸ್ನೇಹಿತ ಆಗ್ತಾನೆ. ಪಾದ್ರಿ ಹೆಂಡ್ತಿ ಮಿಸೆಸ್ ಬ್ಲಾಕ್ಸ್‌ಬಿ, ತಾಳ್ಮೆಯ ಮೂರ್ತಿ. ಊರಿನ ಲೇಡೀಸ್ ಸೊಸೈಟಿಲಿ ಹಳೇ ಪದ್ಧತಿ, ಒಬ್ರನ್ನೊಬ್ರು ಮಿಸೆಸ್ ಹಚ್ಚಿ ಮನೆತನದ ಹೆಸರಲ್ಲೇ ಕರೀಬೇಕು. ಇವರಿಬ್ರು ಪ್ರಾಣ ಸ್ನೇಹಿತೆಯರಾದ ಮೇಲೂ, ಅರ್ಧ ರಾತ್ರಿ ಅಳ್ತಾ ಬಂದು ಬಾಗಿಲು ತಟ್ಟಿದಾಗಲೂ, 'ಬನ್ನಿ ಮಿಸೆಸ್ ರೇಸಿನ್'. ನಗುನೂ ಬರುತ್ತೆ, ಗಂಟಲೂ ಕಟ್ಟುತ್ತೆ.

ಹನ್ನೆರಡು ವರ್ಷ, ಹದಿನಾಲ್ಕು ಪುಸ್ತಕ ಹವ್ಯಾಸಕ್ಕೆ ಮೂಗು ತೂರಿಸಿದ ಮೇಲೆ 2004ರ 'ದಿ ಡೆಡ್ಲಿ ಡ್ಯಾನ್ಸ್'ನಲ್ಲಿ ಅವಳು ಪ್ರೈವೇಟ್ ಡಿಟೆಕ್ಟಿವ್ ಏಜೆನ್ಸಿ ತೆರೀತಾಳೆ. ಪ್ಯಾರಿಸ್ಸಲ್ಲಿ ರಜದಲ್ಲಿದ್ದಾಗ ಯಾರೋ ಅವಳನ್ನ ದೋಚ್ತಾರೆ, ಪೊಲೀಸರ ಉದಾಸೀನ ನೋಡಿ ರೇಗಿ ಹೋಗಿ ನಾನೇ ತೆರೀತೀನಿ ಅಂತ. ನನ್ನ ಪ್ರಕಾರ ಸರಣಿಯ ನಿಜವಾದ ಬಲ ಇಲ್ಲಿಂದ ಶುರು, ಇದನ್ನ ಒಪ್ಪದವರು ಬಹಳ ಜನ ಇದ್ದಾರೆ, ಮೊದಲ ಐದಾರು ಪುಸ್ತಕಗಳೇ ಚಿನ್ನ ಅಂತಾರೆ. ನನಗೆ ಆಫೀಸಿನ ಆಗಥಾ ಇಷ್ಟ. ಬಾಡಿಗೆ ಕಟ್ಬೇಕು, ಸಂಬಳ ಕೊಡ್ಬೇಕು, ಬರೋ ಕೇಸು ಕಳೆದು ಹೋದ ಬೆಕ್ಕು, ಓಡಿ ಹೋದ ಮಗ, ಡೈವೋರ್ಸ್. ಅದೇ 1857ರ ಡೈವೋರ್ಸ್, ನೂರೈವತ್ತು ವರ್ಷ ಆದ್ರೂ ಏಜೆನ್ಸಿಯ ಅನ್ನ ಅದರಿಂದಲೇ. ಡೈವೋರ್ಸ್ ಕೇಸ್ ಅವಳಿಗೆ ಆಗಲ್ಲ, ಆದ್ರೂ ಬಿಡಂಗಿಲ್ಲ. ಅವಳು ಕೆಲಸಕ್ಕಿಟ್ಟವರು ಯಾರು? ರಿಟೈರ್ಡ್ ಪೊಲೀಸ್ ಪ್ಯಾಟ್ರಿಕ್, ಎಪ್ಪತ್ತು ದಾಟಿದ ಫೋಟೋಗ್ರಾಫರ್ ಫಿಲ್. ಬೇರೆ ಎಲ್ಲೂ ಕೆಲಸ ಸಿಗದ ವಯಸ್ಸಿನವರು.

2007ರಲ್ಲಿ ಟೋನಿ ಗಿಲ್ಮೋರ್ ಬರ್ತಾಳೆ, ಹದಿಹರೆಯದ ಹುಡುಗಿ, ಕುಡುಕಿ ತಾಯಿ, ಹೊಡೆಯೋ ಅಣ್ಣ. ಆಗಥಾ ಅವಳನ್ನ ಆ ಮನೆಯಿಂದ ಹೊರಗೆ ತಂದು ಕೆಲಸ ಕಲಿಸ್ತಾಳೆ. ಹುಡುಗಿ ಚುರುಕು, ಚೆಲುವೆ, ಬೇಗ ಹೆಸರು ಮಾಡ್ತಾಳೆ, ಪೇಪರಲ್ಲಿ ಅವಳ ಫೋಟೋ ಬರುತ್ತೆ, ಆಗ ಆಗಥಾಗೆ ಹೊಟ್ಟೆ ಉರಿ. ಆ ಉರಿಯನ್ನ ಬೀಟನ್ ಮುಚ್ಚಿಡಲ್ಲ, ನಾವು ನಗ್ತೀವಿ. ಆದ್ರೆ ಕುಡುಕರ ಮನೆಯಿಂದ ಓಡಿ ಬಂದ ಒಬ್ಬ ಹುಡುಗಿ ಆಗಥಾ ಸ್ವತಃ ಆಗಿದ್ಲು, ಅವಳನ್ನ ಹೀಗೆ ಕೈ ಹಿಡಿದು ಎಳೆದವರು ಯಾರೂ ಇರ್ಲಿಲ್ಲ. ಬೀಟನ್ ಇದನ್ನ ಭಾಷಣ ಮಾಡಿ ಹೇಳಲ್ಲ, ಆಗಥಾ ಟೋನಿಗೆ ಇರೋಕೆ ಜಾಗ ಹುಡುಕ್ತಾ ಗೊಣಗ್ತಾ ಇರ್ತಾಳೆ ಅಷ್ಟೇ. ನನಗೆ ಇಡೀ ಸರಣಿಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ. ವರ್ಷಕ್ಕೊಂದು ಆಗಥಾ, ಜೊತೆಗೆ 1985ರಿಂದ ಸ್ಕಾಟ್ಲೆಂಡಿನ ಹೇಮಿಶ್ ಮ್ಯಾಕ್ಬೆತ್ ಸರಣಿ ಬೇರೆ, ಅದಕ್ಕೂ ಮುಂಚಿನ ನೂರಕ್ಕೂ ಮೇಲೆ ರೊಮ್ಯಾನ್ಸ್ ಕಾದಂಬರಿಗಳು. ಹಾಗೆ ಬರೆದಾಗ ಕೆಲವು ಪುಸ್ತಕದಲ್ಲಿ ಕೊಲೆ ಯಾಕಾಯ್ತು ಅನ್ನೋದು ಕೊನೇ ಹತ್ತು ಪುಟದಲ್ಲಿ ಗಡಿಬಿಡಿಲಿ ಬರುತ್ತೆ, ಓದುಗರ ಕೈಗೆ ಸುಳಿವು ಸರಿಯಾಗಿ ಕೊಟ್ಟಿರಲ್ಲ. ಪಝಲ್‌ಗೋಸ್ಕರ ಓದೋರು ಸೇಯರ್ಸ್, ಕ್ರಿಸ್ಟಿ ಕಡೆ ಹೋಗಿ. ಆದ್ರೂ ಬ್ರಿಟನ್ನಿನ ಪಬ್ಲಿಕ್ ಲೈಬ್ರರಿಗಳಲ್ಲಿ ದೊಡ್ಡವರು ಅತಿ ಹೆಚ್ಚು ಎರವಲು ತಗೊಳ್ಳೋ ಲೇಖಕರ ಪಟ್ಟಿಯ ಮೇಲಿನ ಸಾಲಲ್ಲಿ ಆಕೆ ಹೆಸರು ವರ್ಷಗಟ್ಟಲೆ ಇತ್ತು. ದುಡ್ಡು ಕೊಟ್ಟು ಕೊಳ್ಳಲಾಗದೆ ಲೈಬ್ರರಿಗೆ ನಡ್ಕೊಂಡು ಹೋಗೋ ಹಿರಿಯ ಹೆಂಗಸರು, ಒಂಟಿ ಇರೋರು, ಆಗಥಾಳಂತೆ ಸಂಜೆ ಹೊತ್ತು ಮೈಕ್ರೋವೇವ್ ಊಟ ಮಾಡೋರು, ಅವ್ರ ಕೈಲಿ ಈ ಪುಸ್ತಕಗಳು ಇವೆ ಅನ್ನೋದು ನನಗೆ ತುಂಬಾ ಸಂತೋಷದ ವಿಷಯ.

ಕೊನೇಲಿ ಕೆಲವರು ಪ್ರಶ್ನೆ ಕೇಳಿದ್ರು. ಟಿವಿ ಸರಣಿ ಹೇಗಿದೆ ಅಂತ ಒಬ್ರು. ಆಶ್ಲಿ ಜೆನ್ಸನ್ ಮಾಡಿದ್ದಾರೆ, 2014ರಲ್ಲಿ ಮೊದಲು ಬಂತು, ಬಣ್ಣ ಬಣ್ಣವಾಗಿ ಚೆನ್ನಾಗಿದೆ, ಆದ್ರೆ ಆ ಆಗಥಾ ಚಿಕ್ಕವಳು, ಮೃದು, ನೋಡಿದ ತಕ್ಷಣ ಇಷ್ಟ ಆಗ್ತಾಳೆ. ಪುಸ್ತಕದವಳನ್ನ ಇಷ್ಟ ಪಡಕ್ಕೆ ನೂರು ಪುಟ ಬೇಕು, ನನಗೆ ಅವಳೇ ಬೇಕು. ಬಿಬಿಸಿ ರೇಡಿಯೋದಲ್ಲಿ ಪೆನೆಲೊಪಿ ಕೀತ್ ಮಾಡಿದ್ದಿದೆ, ಆ ಗಡಸು ದನಿ ಸಿಕ್ಕಿದ್ರೆ ಕೇಳಿ.

ಬೀಟನ್ ಹೋದ ಮೇಲೆ ನಿಂತೋಯ್ತಾ ಅಂತ ಇನ್ನೊಬ್ರು. ಇಲ್ಲ, ಆಕೆ ಜೊತೆ ಕೊನೆ ದಿನಗಳಲ್ಲಿ ಕೆಲಸ ಮಾಡಿದ ಆರ್.ಡಬ್ಲ್ಯೂ. ಗ್ರೀನ್ ಮುಂದುವರಿಸ್ತಿದ್ದಾರೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನ ಓದಿ ಬೆಳೆದ ಹಿರಿಯರೊಬ್ರು, ನಾನು ಯಾವುದರಿಂದ ಶುರು ಮಾಡ್ಲಿ ಅಂದ್ರು. ಸರ್, ಮೊದಲು 'ಕೀಶ್ ಆಫ್ ಡೆತ್', ಅದಾದ ಮೇಲೆ ಮಧ್ಯದ್ದೆಲ್ಲ ಬಿಟ್ಟು ನೇರ 'ಡೆಡ್ಲಿ ಡ್ಯಾನ್ಸ್', ಆಮೇಲೆ ಟೋನಿ ಬರೋ 'ಕಿಸಿಂಗ್ ಕ್ರಿಸ್ಮಸ್ ಗುಡ್‌ಬೈ'. ಅಷ್ಟರಲ್ಲಿ ಹಿಡಿಸಿದ್ರೆ ಮಿಕ್ಕಿದ್ದನ್ನ ನೀವೇ ಹುಡುಕ್ತೀರಿ. 'ಸ್ಟ್ರಾಂಗ್ ಪಾಯ್ಸನ್' ನನ್ನ ಹತ್ರ ಎರಡು ಕಾಪಿ ಇದೆ, ಒಂದು ಬಳಗದ ಬೀರುಗೆ ಇವತ್ತೇ ಕೊಟ್ಟಿದೀನಿ, ತಗೊಂಡು ಹೋಗಿ.